ಟ್ಯಾಂಕಿನ ಹೊಟ್ಟೆಯಡಿಯ ಹೆಬ್ಬೆಟ್ಟು

ಗದಗ-ಬೆಟಗೇರಿಯ ಅರ್ಧ ಅಂಗಡಿಗಳ ಬೋರ್ಡು ಬರೆದದ್ದು ಫಕೀರಪ್ಪ ಪೇಂಟರ್. ಅವುಗಳಲ್ಲಿ ಒಂದನ್ನೂ ಓದಲು ಅವರಿಗೆ ಬರುತ್ತಿರಲಿಲ್ಲ. ಗಿರಾಕಿ ಬರೆದುಕೊಟ್ಟ ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚಿ, ಹೂಬಳ್ಳಿ ಬಿಡಿಸುವ ಹಾಗೆ ಅಕ್ಷರಗಳನ್ನು ನೋಡಿ ನೋಡಿ ಬಿಡಿಸುತ್ತಿದ್ದರು. ಕನ್ನಡ, ಇಂಗ್ಲಿಷು, ಉರ್ದು, ಯಾವುದಾದರೂ ಸರಿ. ನಾನು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಸೀಮೆಸುಣ್ಣ ತಿಕ್ಕಿದವಳು, ಅವರ ಒಂದು 'ಶ್ರೀ'ಯಂಥ 'ಶ್ರೀ' ನನ್ನ ಕೈಯಿಂದ ಒಮ್ಮೆಯೂ ಬೀಳಲಿಲ್ಲ. ಸಹಿ ಮಾಡುವ ಪ್ರಸಂಗ ಬಂದರೆ ಮಾತ್ರ ಅವರು ಕರೀ ಬಣ್ಣದ ಡಬ್ಬಿಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತುತ್ತಿದ್ದರು.

ಒಮ್ಮೆ ಒಬ್ಬ ಟೇಲರನ ಚೀಟಿಯನ್ನು ತಲೆಕೆಳಗಾಗಿ ಚುಚ್ಚಿಕೊಂಡು ಇಡೀ ಬೋರ್ಡನ್ನು ಹಾಗೇ ಬರೆದುಬಿಟ್ಟಿದ್ದರಂತೆ. ಟೇಲರ್ ಬಂದು ಕೂಗಾಡಿದ. ಇವರು ಬಾಯಿಂದ ಬೀಡಿ ತೆಗೆಯದೆ, "ತಿರುಗಿಸಿ ಹಾಕ್ಕೋರಿ, ಏನಾತೀಗ?" ಅಂದರಂತೆ. ತಿರುಗಿಸಿದರೆ ಅಕ್ಷರಗಳೆಲ್ಲ ನೆಟ್ಟಗಾದವು, ಮೂಲೆಯ ಕಮಲದ ಹೂವುಗಳು ಮಾತ್ರ ಬಾವಲಿಯ ಹಾಗೆ ಜೋತುಬಿದ್ದವು. ಟೇಲರ್ ಹಾಗೇ ಹಾಕಿಕೊಂಡ.

ಹೊಸ ಜಿಲ್ಲೆ ಆದ ವರ್ಷ ಅವರಿಗೆ ಕೈ ತುಂಬ ಕೆಲಸ. ಊರೂರಿನ ಬೋರ್ಡುಗಳ ಮೇಲಿದ್ದ 'ಜಿಲ್ಲಾ ಧಾರವಾಡ' ಅಳಿಸಿ 'ಜಿಲ್ಲಾ ಗದಗ' ಎಂದು ಬರೆಯಬೇಕಾಗಿತ್ತು. ಲಕ್ಷ್ಮೇಶ್ವರ, ಮುಂಡರಗಿ, ಮುಳಗುಂದ ಎಲ್ಲ ಕಡೆ ಬಸ್ಸಿನಲ್ಲಿ ಡಬ್ಬಿ ಇಟ್ಟುಕೊಂಡು ಓಡಾಡಿದರು. "ಎಡಕಿಂದ ನೋಡ್ರಿ ಗದಗ, ಬಲಕಿಂದ ನೋಡ್ರಿ ಗದಗ. ನನ್ನಂಥಾ ಹೆಬ್ಬೆಟ್ಟಿನಾಂವನ ಸಲುವಾಗೇ ಈ ಊರಿಗೆ ಹೆಸರಿಟ್ಟಾರ್ರಿ ಅಕ್ಕಾರ," ಎಂದು ನಗುತ್ತಿದ್ದರು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕಾರ ಅನ್ನುತ್ತಾರೆ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ.

ಇಂಥ ಮನುಷ್ಯನ ಬಗ್ಗೆ ನಗುನಗುತ್ತಲೇ ಬರೆಯಬೇಕೆಂದು ಕೂತೆ. ಆಗುತ್ತಿಲ್ಲ. ಅವರು ತೀರಿಹೋಗಿ ಇಷ್ಟು ದಿನವಾದರೂ ನನ್ನ ಸಿಟ್ಟು ಇಳಿದಿಲ್ಲ.

ನಾನು ಶಿರಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಅಬ್ಬಾ, ಅಲ್ಲೇ ಹತ್ತಿರದ ಮಾಗಡಿಯ ಹುಸೇನಸಾಬ, ಮಿಲಿಟರಿಯಲ್ಲಿ ಟ್ಯಾಂಕ್ ನಡೆಸಿ ದಫೇದಾರ ಆಗಿ ನಿವೃತ್ತರಾದವರು. ಮರಳುಗಾಡಿನ ಲಡಾಯಿಯಲ್ಲಿ ಇದ್ದು ಬಂದವರು. ಮುಪ್ಪಿನಲ್ಲಿ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದುಹಾಕಿತು. ಮುಂಬೈಯಲ್ಲಿದ್ದ ನನ್ನ ಚಿಕ್ಕಪ್ಪನ ಮಗ ಒಂದು ಈದಿಗೆ ಬರುವಾಗ ದೊಡ್ಡ ಡಬ್ಬಿಯೊಂದನ್ನು ತಂದ. ಒಳಗೆ ಪ್ಲಾಸ್ಟಿಕ್ಕಿನ ನೂರಾರು ತುಂಡು. ಜೋಡಿಸಿ ಅಂಟಿಸಿದರೆ ಗೇಣುದ್ದದ ಟ್ಯಾಂಕು ಆಗುತ್ತದೆ, ಅಬ್ಬಾ ನಡೆಸಿದ ಜಾತಿಯದೇ. ಬೇಸಿಗೆ ರಜೆಯೆಲ್ಲ ಕೂತು ಜೋಡಿಸಿ ಅವರ ತೊಡೆಯ ಮೇಲಿಟ್ಟೆ. ಅಬ್ಬಾ ತೋಪಿನಿಂದ ಚೈನಿನ ತನಕ ಬೆರಳಾಡಿಸಿದರು.

"ಎಲ್ಲಾ ಬರೋಬ್ಬರಿ ಐತಿ ಬೇಟಾ," ಅಂದರು. "ಆದ್ರ ಇದು ಎಲ್ಲೂ ಹೋಗಿ ಬಂದಿಲ್ಲ."

ಬಣ್ಣ ಬಳಿದೆ, ಇನ್ನಷ್ಟು ಆಟಿಕೆ ಸಾಮಾನಿನಂತೆ ಮಿಂಚಿತು. ಆಗ ಯಾರೋ ಬೆಟಗೇರಿಯ ಫಕೀರಪ್ಪ ಪೇಂಟರ ಹೆಸರು ಹೇಳಿದರು. ನಾಟಕ ಕಂಪನಿಯವರಿಗೆ ನಿನ್ನೆ ಮೊನ್ನೆ ಮಾಡಿದ ಪ್ಲೈವುಡ್ ಸಿಂಹಾಸನವನ್ನು ನೂರು ವರ್ಷ ಹಳೆಯದಾಗಿ ಮಾಡಿಕೊಡುತ್ತಿದ್ದವರು ಅವರೇ. ಒಂದು ಭಾನುವಾರ ಅಬ್ಬಾನ ಕೈ ಹಿಡಿದುಕೊಂಡು, ಟ್ಯಾಂಕನ್ನು ಚೀಲದಲ್ಲಿಟ್ಟುಕೊಂಡು, ಅವರ ತಗಡಿನ ಶೆಡ್ಡಿಗೆ ಹೋದೆ. ಟ್ಯಾಂಕನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಇದಕ್ಕ ಬಣ್ಣ ಹಚ್ಚೂದಲ್ರಿ ಅಕ್ಕಾರ, ವಯಸ್ಸ ಹಚ್ಚಬೇಕು," ಅಂದರು.

ಎಂಟು ಹತ್ತು ಭಾನುವಾರ ವಯಸ್ಸು ಹಚ್ಚಿದರು. ನನ್ನ ಮಿಂಚುವ ಬಣ್ಣವನ್ನೆಲ್ಲ ಕೆರೆದು ಮಂಕು ಮಣ್ಣಿನ ಬಣ್ಣ ಕೊಟ್ಟರು. ಆಮೇಲೆ ಟರ್ಪಂಟೈನಿನಲ್ಲಿ ಚಿಟಿಕೆ ಕಂದು ಬಣ್ಣ ಕರಗಿಸಿ ತೆಳ್ಳಗೆ ನೀರು ಮಾಡಿದರು. ಅದಕ್ಕೆ ಅವರು ಚಾ ಅನ್ನುತ್ತಿದ್ದರು. ಸಣ್ಣ ಕುಂಚದ ತುದಿಯನ್ನು ಒಂದು ರಿವೆಟ್ಟಿಗೆ ತಾಗಿಸಿದರೆ ಸಾಕು, ಚಾ ತಾನಾಗಿ ಸಂದುಗೊಂದು ಹಿಡಿದು ಓಡುತ್ತಿತ್ತು, ಅಡಗಿದ್ದ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ಹೆಚ್ಚಾದದ್ದನ್ನು ಅರಿವೆಯಿಂದ ಮೇಲಿನಿಂದ ಕೆಳಕ್ಕೇ ಒರೆಸಬೇಕು. ನಾನೊಮ್ಮೆ ಅಡ್ಡ ಒರೆಸಿದ್ದಕ್ಕೆ, "ಮಳಿ ನಿಮ್ಮ ಶಿರಹಟ್ಟ್ಯಾಗ ಅಡ್ಡ ಬೀಳತೈತೇನ್ರಿ?" ಎಂದು ಗದರಿದರು. ಚಾ ಒಣಗಿದ ಮೇಲೆ ಪುಡಿಗಳು. ಇಟ್ಟಂಗಿ ಪುಡಿ, ಕೆಮ್ಮಣ್ಣು, ಚಿಮಣಿ ದೀಪದ ಕಾಡಿಗೆ, ಎಲ್ಲವನ್ನೂ ಮಲ್ ಬಟ್ಟೆಯಲ್ಲಿ ಸೋಸಿ ಬೀಡಿ ಕಟ್ಟಿನ ಕಾಗದದಲ್ಲಿ ಪೊಟ್ಟಣ ಕಟ್ಟಿಟ್ಟಿದ್ದರು. ಹೊಗೆ ಕೊಳವೆಗೆ ಕಾಡಿಗೆ. ಬೂಟು ತಿಕ್ಕಿ ಬಣ್ಣ ಸವೆಯುವ ಅಂಚಿಗೆ ಪೆನ್ಸಿಲಿನ ಸೀಸ. "ಧೂಳಕ್ಕ ಬುದ್ಧಿ ಐತ್ರಿ, ಎಲ್ಲಿ ಯಾರೂ ಕೈಯಾಡಸೂದಿಲ್ಲೋ ಅಲ್ಲಿ ಹೋಗಿ ಕುಂಡ್ರತೈತಿ," ಅನ್ನುತ್ತಿದ್ದರು.

ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಅಬ್ಬಾ ಹುಕುಂ ಕೊಡುವರು. "ಫಕೀರಪ್ಪಾ, ನಾ ಎಡಗಾಲ ಇಟ್ಟ ಹತ್ತತಿದ್ದೆ, ಅಲ್ಲಿ ಸವಿಬೇಕು." "ಆತ್ರಿ ದಫೇದಾರ್ರ." "ಬಲಗಡೆ ಮಡ್‌ಗಾರ್ಡ ನೆಗ್ಗಿತ್ತು." "ನೆಗ್ಗಸೋಣ್ರಿ." ಕಣ್ಣಿಲ್ಲದವರೊಬ್ಬರು, ಅಕ್ಷರ ಇಲ್ಲದವರೊಬ್ಬರು, ಒಂದು ಗೇಣಿನ ಪ್ಲಾಸ್ಟಿಕ್ಕಿನ ಮೇಲೆ ಜಗಳಾಡುವುದನ್ನು ನೋಡುತ್ತ ಕೂರುವುದೇ ನನಗೆ ಆ ವರ್ಷದ ಹಬ್ಬವಾಗಿತ್ತು. ಕಡೆಗೊಂದು ದಿನ ಮೂಲೆಗಳಲ್ಲಿ ಕೂತ ಮಣ್ಣಿನ ಒರಟನ್ನು ಬೆರಳಿನಿಂದ ಮುಟ್ಟಿ ಅಬ್ಬಾ, "ಹಾಂ, ಈಗ ಇದು ನಂದು," ಅಂದರು.

ಆಮೇಲೆ ಜೇಬಿನಿಂದ ಒಂದು ಸಣ್ಣ ಗಂಟು ತೆಗೆದರು. ಮಾಗಡಿಯ ನಮ್ಮ ಹೊಲದ ಎರಿ ಮಣ್ಣು. ಲಡಾಯಿಗೆ ಹೊರಡುವಾಗ ಅವರ ತಾಯಿ, ನಮ್ಮ ದಾದಿಮಾ, ಅಂಥದ್ದೇ ಒಂದು ಗಂಟು ಕಟ್ಟಿಕೊಟ್ಟಿದ್ದರಂತೆ. ಅಬ್ಬಾ ಅದನ್ನು ನೀರಲ್ಲಿ ಕಲಸಿ, ತಮ್ಮ ಸೀಟಿನ ನೇರಕ್ಕೆ, ಟ್ಯಾಂಕಿನ ಹೊಟ್ಟೆಯಡಿ ಹೆಬ್ಬೆಟ್ಟಿನಿಂದ ಒತ್ತಿದ್ದರಂತೆ. ನನಗೂ ಅದನ್ನು ಅಂದೇ ಮೊದಲು ಹೇಳಿದ್ದು.

"ಉಸುಕಿನ್ಯಾಗ ಓಡೂ ಗಾಡಿಗೆ ಕರೀ ಎರಿ ಎಲ್ಲಿಂದ ಬರಬೇಕ್ರಿ? ತಪ್ಪಾಗತೈತಿ," ಎಂದು ಫಕೀರಪ್ಪ ಕಾಕಾ ಹಟ ಹಿಡಿದರು. "ಆಗಲಿ ಬಿಡು. ಅದು ನನ್ನ ತಪ್ಪು," ಅಂದರು ಅಬ್ಬಾ. ಒಣಗಿದರೆ ಎರಿ ಬಿರುಕು ಬಿಡುತ್ತದೆ ಎಂದು ಕಾಕಾ ತಾವೇ ಅದಕ್ಕೆ ಅಂಟು ಬೆರೆಸಿ ಹದ ಮಾಡಿಕೊಟ್ಟರು. ಅಬ್ಬಾ ಟ್ಯಾಂಕನ್ನು ಮಗುಚಿ ಹೆಬ್ಬೆಟ್ಟು ಒತ್ತಿದರು. ಮಿಲಿಟರಿಯಲ್ಲಿದ್ದಾಗ ಟ್ಯಾಂಕಿನ ಮುಚ್ಚಳ ಬಿದ್ದು ಸೀಳಿದ್ದ ಬೆರಳು ಅದು. ಗೆರೆಗಳ ನಡುವೆ ಆ ಗಾಯದ ಓರೆ ಗೀಟೂ ಮೂಡಿತು. ಕಾಕಾ ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದರು.

"ಇನ್ನೊಂದ ಚಾ ಬಾಕಿ ಐತ್ರಿ, ಇಲ್ಲೇ ಇರಲಿ," ಅಂದರು. ಇಟ್ಟು ಬಂದೆವು. ಮುಂದಿನ ಭಾನುವಾರ ಹೋಗಲು ಆಗಲಿಲ್ಲ. ಅಬ್ಬಾ ಜ್ವರ ಹಿಡಿದು ಮಲಗಿದವರು ಏಳಲಿಲ್ಲ.

ನಲವತ್ತನೆಯ ದಿನದ ಫಾತಿಹಾಕ್ಕೆ ಫಕೀರಪ್ಪ ಕಾಕಾ ಶಿರಹಟ್ಟಿಗೆ ಬಂದರು. ಎದೆಗವಚಿಕೊಂಡು ಬಂದಿದ್ದ ಅರಿವೆಯ ಗಂಟು ಬಿಚ್ಚಿದರು. ಟ್ಯಾಂಕು ಮರದ ಹಲಗೆಯ ಮೇಲೆ ಉಸುಕಿನಲ್ಲಿ ನಿಂತಿತ್ತು. ಸವೆದ ಎಡಬದಿ, ನೆಗ್ಗಿದ ಬಲ ಮಡ್‌ಗಾರ್ಡು, ಎಲ್ಲವೂ ಇದ್ದವು. "ಆ ಹೆಬ್ಬೆಟ್ಟಿಗೆ ಯಾರದೂ ಕೈ ಹತ್ತಬಾರದು ಅಂತ ಹಲಗಿಗೆ ಕೂಡಿಸಿಬಿಟ್ಟೀನ್ರಿ ಅಕ್ಕಾರ," ಎಂದು ಅತ್ತರು. ನಾನೂ ಅವರ ಬಣ್ಣದ ಕೈಗಳನ್ನು ಹಿಡಿದುಕೊಂಡು ಅತ್ತೆ. ಬಂದವರಿಗೆಲ್ಲ ಆ ಕೈಗಳನ್ನು ತೋರಿಸಿದೆ, ಇಂಥವರು ಸಿಗುವುದಿಲ್ಲ ಅಂದೆ. ಈಗ ನೆನೆದರೆ ನನ್ನ ಮೈಯೆಲ್ಲ ಉರಿಯುತ್ತದೆ.

ನಾಲ್ಕು ವರ್ಷ ಆ ಟ್ಯಾಂಕು ನಮ್ಮ ಪಡಸಾಲೆಯ ಗಾಜಿನ ಕಪಾಟಿನಲ್ಲಿತ್ತು. ಶುಕ್ರವಾರ ಶುಕ್ರವಾರ ಗಾಜು ಒರೆಸಿ, "ಅಬ್ಬಾ, ಅದೀರಿ?" ಎಂದು ಮಾತಾಡಿಸುತ್ತಿದ್ದೆ.

ಐದನೆಯ ವರ್ಷ ಸಂಬಂಧಿಕರ ಮದುವೆಗೆಂದು ಪುಣೆಗೆ ಹೋದೆ. ಅಲ್ಲಿ ಒಬ್ಬರು ಶ್ರೀಮಂತರು ತಾವು ಸಂಗ್ರಹಿಸಿದ ಹಡಗು, ರೈಲು, ವಿಮಾನಗಳ ಮಾದರಿಗಳನ್ನು ಒಂದು ದೊಡ್ಡ ಹಾಲಿನಲ್ಲಿಟ್ಟು ಜನರಿಗೆ ತೋರಿಸುತ್ತಿದ್ದರು. ಮದುವೆಗೆ ಬಂದ ಹೆಂಗಸರೆಲ್ಲ ನೋಡಲು ಹೊರಟೆವು. ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಟ್ಯಾಂಕು ಇತ್ತು. ಮೊದಲು ನಗು ಬಂತು, ಅರೆ, ನಮ್ಮದರ ಹಾಗೇ ಇದೆಯಲ್ಲ! ಪೆಟ್ಟಿಗೆಯ ತಳದಲ್ಲಿ ಹೊಟ್ಟೆ ಕಾಣಲೆಂದು ಕನ್ನಡಿ ಹಾಕಿದ್ದರು. ಬಗ್ಗಿ ನೋಡಿದೆ. ಕರೀ ಎರಿ, ಅದರಲ್ಲಿ ಹೆಬ್ಬೆಟ್ಟು, ಹೆಬ್ಬೆಟ್ಟಿನ ನಡುವೆ ಓರೆ ಗೀಟು. ಪಕ್ಕದ ಇಂಗ್ಲಿಷ್ ಚೀಟಿಯಲ್ಲಿ ಬರೆದಿತ್ತು: ಹಳ್ಳಿಗಾಡಿನ ನಿರಕ್ಷರಿ ಕಲಾವಿದನ ಕೈಕೆಲಸ, ಅಡಿಯಲ್ಲಿರುವುದು ಸಹಿಯಾಗಿ ಒತ್ತಿದ ಅವನದೇ ಹೆಬ್ಬೆಟ್ಟು.

ಮನೆಗೆ ಬಂದವಳೇ ಅಡುಗೆಮನೆಯ ಚಾಕುವಿನಿಂದ ಕಪಾಟಿನ ಟ್ಯಾಂಕನ್ನು ಹಲಗೆಯಿಂದ ಕಿತ್ತೆ. ಹೊಟ್ಟೆಯಡಿ ಬಣ್ಣವೂ ಇರಲಿಲ್ಲ, ಬರೀ ಬೂದು ಪ್ಲಾಸ್ಟಿಕ್. ಅಷ್ಟು ವರ್ಷ ನಾನು ಮಾತಾಡಿಸಿದ್ದು ಅದನ್ನು. ಅಬ್ಬಾನ ಕೈ ಒಮ್ಮೆಯೂ ತಾಗದ ವಸ್ತುವನ್ನು!

ಪುಣೆಯ ಮಾಲೀಕರಿಗೆ ಪತ್ರ ಬರೆದೆ. ಉತ್ತರ ಬಂತು: ಕಲಾವಿದ ಸ್ವತಃ ಕೈಯಾರೆ ಕೊಟ್ಟದ್ದು, ಹೆಬ್ಬೆಟ್ಟು ತನ್ನದೆಂದು ಅವನೇ ಹೇಳಿದ್ದಾನೆ. ಅಲ್ಲವೆಂದು ಅವನೇ ಬರೆದುಕೊಟ್ಟರೆ ಟ್ಯಾಂಕನ್ನು ಹಿಂದಿರುಗಿಸಲು ಅಡ್ಡಿಯಿಲ್ಲ.

ಆ ಮಾತಿನಂತೆ ಒಂದು ಹಾಳೆ ಬರೆದುಕೊಂಡು ಬೆಟಗೇರಿಗೆ ಹೋದೆ. ಕಾಕಾ ಮೈ ಇಳಿದುಹೋಗಿದ್ದರು. ಬೋರ್ಡಿನ ಕೆಲಸವೆಲ್ಲ ಕಂಪ್ಯೂಟರಿನವರ ಪಾಲಾಗಿತ್ತು. "ಬರ್ರಿ ಅಕ್ಕಾರ, ಕುಂಡ್ರಿ," ಅಂದರು. ನಾನು ಕೂರಲಿಲ್ಲ.

"ಅಬ್ಬಾನ ಹೆಬ್ಬೆಟ್ಟು ನಿಮ್ಮದು ಅಂತ ಹೇಳಿ ಕೊಟ್ರಿ ಹೌದಲ್ಲೋ?"

ಅವರು ಇಲ್ಲ ಅನ್ನಲಿಲ್ಲ. ನಾವು ಇಟ್ಟುಬಂದ ದಿನಗಳಲ್ಲೇ ಗದಗಿನ ಗುಡಿ ನೋಡಲು ಬಂದಿದ್ದ ಆ ಪುಣೆಯ ಮನುಷ್ಯ ಶೆಡ್ಡಿನಲ್ಲಿ ಟ್ಯಾಂಕು ಕಂಡು ಬೆರಗಾದನಂತೆ, ಮಗುಚಿ ಹೆಬ್ಬೆಟ್ಟು ನೋಡಿ ಇದು ಯಾರದು ಎಂದು ಕೇಳಿದನಂತೆ. "ನಂದು ಅಂತ ಬಾಯಿಂದ ಬಂದಬಿಡ್ತರಿ. ಜಲ್ಮ ಎಲ್ಲಾ ಮಂದಿ ಹೆಸರ ಬರದೆ. ನನ್ನ ಹೆಸರ ಎಲ್ಲೂ ಒಂದ ಕಡೆ ಇಲ್ಲ. ಆಂವ ಹೆಸರ ಹಾಕಿ ಗಾಜಿನ್ಯಾಗ ಇಡತೀನಿ ಅಂದ. ಇಂಥಾದಽ ಇನ್ನೊಂದ ಟ್ಯಾಂಕಿನ ಡಬ್ಬಿನೂ ಅವನಽ ಕಳಿಸಿದ. ಹಗಲೂ ರಾತ್ರಿ ಕುಂತು ನಿಮಗೊಂದ ಮಾಡಿದೆ. ನಾಕ ವರ್ಷ ನಿಮಗ ಫರಕ ಗೊತ್ತಾತೇನ್ರಿ?"

ಆ ಕಡೆಯ ಮಾತಿಗೆ ಅವರ ಕೆನ್ನೆಗೆ ಹೊಡೆಯಬೇಕು ಅನಿಸಿತು. ಗೊತ್ತಾಗಿರಲಿಲ್ಲ, ಅದೇ ನನ್ನ ಉರಿ. ಹಾಳೆ ಮುಂದಿಟ್ಟು ಓದಿ ಹೇಳಿದೆ: ಈ ಹೆಬ್ಬೆಟ್ಟು ಮಾಗಡಿಯ ದಫೇದಾರ ಹುಸೇನಸಾಬರದು, ನನ್ನದಲ್ಲ. "ಒತ್ತರಿ," ಅಂದೆ.

"ಒತ್ತತೀನ್ರಿ. ತಪ್ಪ ಮಾಡೀನಿ." ಕರೀ ಬಣ್ಣದ ಡಬ್ಬಿಯಲ್ಲಿ ಹೆಬ್ಬೆಟ್ಟು ಅದ್ದಿದರು. ಹಾಳೆಯ ಹತ್ತಿರ ತಂದವರು ತಡೆದು, ಇನ್ನೊಂದು ಕೈಯಿಂದ ಟ್ರಂಕು ತೆರೆದು ಒಂದು ಫೋಟೋ ತೆಗೆದರು. ಗಾಜಿನ ಪೆಟ್ಟಿಗೆಯದು, ಚೀಟಿಯೂ ಕಾಣುತ್ತಿತ್ತು. "ನನ್ನ ಹೆಸರ ಮಾತ್ರ ತಗಸಬ್ಯಾಡ್ರಿ ಅಕ್ಕಾರ. ದಫೇದಾರ್ರದು ಮ್ಯಾಲಿರಲಿ, ನಂದು ಕೆಳಗರ ಇರಲಿ. ಯಾವದು ನನ್ನ ಹೆಸರು, ಬೆರಳಿಟ್ಟ ತೋರಸ್ರಿ. ದಿನಾ ನೋಡತೀನಿ, ಗೊತ್ತಾಗವಲ್ದು."

"ಇದರಾಗ ನಿಮ್ಮ ಹೆಸರಿಲ್ಲ," ಅಂದೆ. ಹೇಳುವಾಗ ನನಗೆ ಖುಷಿಯಾಯಿತು.

ಅವರು ನಕ್ಕರು. "ಸಿಟ್ಟಿನ್ಯಾಗ ಅಂತೀರಿ."

"ಖರೇನ ಇಲ್ಲ. ನಿರಕ್ಷರಿ ಅಂತ ಬರದಾರ, ಅಷ್ಟ."

ನಗು ನಿಂತಿತು. "ಈ ಫೋಟೋ ಕೊಡಾಕ ಬಂದಾಗ ಆಂವ ನನ್ನ ಎದುರಿಗೆ ಓದಿ ಹೇಳ್ಯಾನ್ರಿ. ಫಕೀರಪ್ಪ ಪೇಂಟರ್, ಬೆಟಗೇರಿ, ಅಂತ." ಫೋಟೋವನ್ನೊಮ್ಮೆ, ನನ್ನ ಮುಖವನ್ನೊಮ್ಮೆ, ನಾನು ತಂದಿದ್ದ ಹಾಳೆಯನ್ನೊಮ್ಮೆ ನೋಡಿದರು. "ಓದಾಕ ಬರದಾಂವಗ ನೀವೂ ಹಿಂಗ ಮಾಡತೀರೇನ್ರಿ? ಈ ಹಾಳ್ಯಾಗರ ಏನ ಬರದೀರಿ ಯಾಂವಗ ಗೊತ್ತು!" ಎಂದು ಅದ್ದಿದ ಹೆಬ್ಬೆಟ್ಟನ್ನು ತಮ್ಮ ಧೋತರದ ಚುಂಗಿಗೆ ಒರೆಸಿಕೊಂಡುಬಿಟ್ಟರು.

ಎಷ್ಟು ಹೇಳಿದರೂ ಕೇಳಲಿಲ್ಲ. ನನಗೆ ಮೋಸ ಮಾಡಿದ ಮನುಷ್ಯ ನನ್ನನ್ನೇ ಮೋಸಗಾತಿಯನ್ನು ನೋಡಿದ ಹಾಗೆ ನೋಡುತ್ತ ಕೂತಿದ್ದರು. ಹೊರಟು ಬಂದೆ. ಅವರು ತೀರಿಕೊಂಡ ಖಬರು ಮರುವರ್ಷ ಬಂತು. ಮಣ್ಣಿಗೆ ಹೋಗಲಿಲ್ಲ.

ಆ ಚೀಟಿಯಲ್ಲಿ ಎಷ್ಟೊಂದು ಪದಗಳಿದ್ದವು. ಯಾವುದಾದರೂ ಒಂದರ ಮೇಲೆ ಬೆರಳಿಟ್ಟು "ಇದಽ ನೋಡ್ರಿ ಕಾಕಾ, ನಿಮ್ಮ ಹೆಸರು," ಅಂದಿದ್ದರೆ ಅಬ್ಬಾನ ಹೆಬ್ಬೆಟ್ಟು ಇವತ್ತು ನನ್ನ ಮನೆಯಲ್ಲಿರುತ್ತಿತ್ತು.