ಅತ್ತೆ ಉಜ್ಜದೆ ಬಿಟ್ಟ ಗೇಣು ಜಾಗ

ಟಿಫಿನ್ ಡಬ್ಬಿ ತೊಳೆಯಲೆಂದು ಮುಚ್ಚಳ ತೆಗೆದ ನಮ್ಮ ಅತ್ತೆ ಒಳಗೆ ಇಣುಕಿದರು. ಮೂಸಿದರು. ‘ಮೆಂತೆ ಪಲ್ಯ ಕೆಟ್ಟದ’ ಎಂದು ತೀರ್ಪು ಕೊಟ್ಟು ಬಚ್ಚಲ ಕಡೆ ನಡೆದರು.

ನಾನು ಓಡಿಹೋಗಿ ಡಬ್ಬಿ ಕಿತ್ತುಕೊಳ್ಳದಿದ್ದರೆ ಈ ವಾರದ ಅಂಕಣ ಅಂದೇ ಮೋರಿ ಸೇರುತ್ತಿತ್ತು.

ಒಳಗಿದ್ದದ್ದು ಪಲ್ಯವಲ್ಲ, ಮಾರ್ಕಾಂಶಿಯಾ. ಲಿವರ್‌ವರ್ಟ್ ಎಂಬ ಗುಂಪಿಗೆ ಸೇರಿದ ಸಣ್ಣ ಸಸ್ಯ. ನಿಜವಾದ ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ, ಹೂವಂತೂ ಇಲ್ಲವೇ ಇಲ್ಲ. ನೆಲಕ್ಕಂಟಿಕೊಂಡು ಕವಲೊಡೆಯುತ್ತ ಹರಡುವ ಹಸಿರು ಪಟ್ಟಿ, ಅಷ್ಟೇ. (ಹೆಸರು ಕೇಳಿದವರೆಲ್ಲ ಕಾಮಾಲೆಗೆ ಔಷಧವೇ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ದಯವಿಟ್ಟು ಯಾರೂ ತಿನ್ನಬೇಡಿ.) ಅದಕ್ಕೆ ನೆರಳು ಬೇಕು, ತಂಪು ಬೇಕು, ಸದಾ ಒದ್ದೆ ನೆಲ ಬೇಕು. ಬಸವಕಲ್ಯಾಣದಲ್ಲಿ ಈ ಮೂರೂ ಒಟ್ಟಿಗೆ ಸಿಗುವ ಮನೆ ಬಾಡಿಗೆಗೆ ಇದ್ದರೆ ತಿಳಿಸಿ, ನಾನೇ ಮೊದಲು ಶಿಫ್ಟ್ ಆಗುತ್ತೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಬಾಟನಿ ಮೇಡಂ. ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸು ಹತ್ತುತ್ತೇನೆ, ಸಂಜೆ ಅದೇ ದಾರಿಯಲ್ಲಿ ಮರಳುತ್ತೇನೆ. ಕಬ್ಬಿನ ಸೀಜನ್‌ನಲ್ಲಿ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲೇ ನನ್ನ ಅರ್ಧ ಅಂಕಣ ಹುಟ್ಟುವುದು.

ಹದಿನಾಲ್ಕು ವರ್ಷ ನಾನು ಮಾರ್ಕಾಂಶಿಯಾ ಪಾಠ ಮಾಡಿದ್ದು ಒಂದು ಬಾಟಲಿ ತೋರಿಸಿ. ಫಾರ್ಮಲಿನ್‌ನಲ್ಲಿ ಮುಳುಗಿದ ಬೂದು ಬಣ್ಣದ ಒಂದು ಚೂರು. ಮಕ್ಕಳು ಆ ಬೂದು ಚೂರನ್ನು ನೋಡುತ್ತಾರೆ, ರೆಕಾರ್ಡ್ ಬುಕ್ಕಿನಲ್ಲಿ ಮಾತ್ರ ಹಸಿರು ಪೆನ್ಸಿಲ್ ತಿಕ್ಕುತ್ತಾರೆ. ಮೇಡಂ ಹೇಳಿದ್ದಾರೆ, ಹಾಗಾಗಿ ಹಸಿರು. ನಾನೂ ಸೈನ್ ಹಾಕುತ್ತೇನೆ. ವಿಜ್ಞಾನವೆಂದರೆ ಇದೇ ಏನು?

ಹೋದ ವರ್ಷ ಕೊಹಿನೂರು ಎಂಬ ಹಳ್ಳಿಯ ಒಬ್ಬ ಹುಡುಗಿ ಪೆನ್ಸಿಲ್ ಕೆಳಗಿಟ್ಟು ಕೇಳಿಯೇಬಿಟ್ಟಳು: ‘ಮೇಡಂ, ಇದು ಜೀವಂತ ಇದ್ದಾಗ ಖರೇನ ಹಸರ ಇರ್ತದೇನ್ರಿ? ನೀವು ನೋಡೀರೇನ್ರಿ?’

ನೋಡಿದ್ದೆ. ಎಂ.ಎಸ್ಸಿ. ಓದುವಾಗ, ಒಂದೇ ಸಲ. ಹಾಗೆಂದು ಹೇಳಲು ನಾಚಿಕೆಯಾಯಿತು. ಬರುವ ವರ್ಷ ನೀವು ಎರಡನೆಯ ವರ್ಷಕ್ಕೆ ಬಂದಾಗ ಜೀವಂತ ಸಸ್ಯವನ್ನೇ ತೋರಿಸುತ್ತೇನೆ ಎಂದು ಕ್ಲಾಸಿನೆದುರು ಮಾತು ಕೊಟ್ಟುಬಿಟ್ಟೆ. ದಸರಾ ರಜೆ ಮುಗಿದ ಮೇಲೆ ಕೊನೆಯ ವರ್ಷದವರನ್ನು ಮಹಾಬಳೇಶ್ವರಕ್ಕೆ ಸ್ಟಡಿ ಟೂರ್ ಕರೆದುಕೊಂಡು ಹೋದಾಗ ಅಂಗೈಯಗಲದ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಬಂದೆ. ಅದೇ ಕೆಟ್ಟ ಮೆಂತೆ ಪಲ್ಯ.

ಅತ್ತೆಗೆ ಅದು ಪಲ್ಯವಲ್ಲ ಎಂದು ತಿಳಿದ ಮೇಲೆ ಇನ್ನೂ ಸಿಟ್ಟು ಬಂತು. ಯಾಕೆಂದರೆ ಅವರ ಕಣ್ಣಿಗೆ ಅದು ಪಾಚಿ. ಹತ್ತು ವರ್ಷದ ಹಿಂದೆ ಇದೇ ಅಂಗಳದಲ್ಲಿ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಕೂಡಿತು, ಆದರೆ ಸೊಟ್ಟಗೆ. ಅಂದಿನಿಂದ ಪ್ರತಿ ಸೋಮವಾರ ತೆಂಗಿನ ನಾರು, ಮರಳು ಹಿಡಿದು ಅಂಗಳದ ಕಲ್ಲುಗಳನ್ನು ಒಂದೊಂದಾಗಿ ತಿಕ್ಕುತ್ತಾರೆ. ಇನ್ನೊಬ್ಬರು ತಿಕ್ಕಿದರೆ ಮನಸ್ಸಿಗೆ ಬರುವುದಿಲ್ಲ. ‘ಮಂದಿ ಪಾಚಿ ತಗದು ಒಗೀತಾರ, ನಮ್ಮ ಸೊಸಿ ಡಬ್ಬ್ಯಾಗ ತುಂಬಕೊಂಡು ಬರ್ತಾಳ’ ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು.

ಬೆಳೆಸುವುದು ಹೇಗೆ? ಪುಸ್ತಕದಲ್ಲಿ ಇರುವುದು ಬಹಳ ಸುಲಭ. ತುಂಡು ಮಾಡಿ ಒದ್ದೆ ಮಣ್ಣಿನ ಮೇಲಿಡಿ, ಪ್ರತಿ ತುಂಡೂ ಚಿಗುರುತ್ತದೆ. ನಾನು ಮೊದಲನೆಯ ಟ್ರೇ ಮೇಲೆ ಗಾಜು ಮುಚ್ಚಿದೆ, ಗಾಳಿಯಾಡದೆ ಬೂಷ್ಟು ಹಿಡಿದು ಹೋಯಿತು. ಎರಡನೆಯದಕ್ಕೆ ಬೇಗ ಬೆಳೆಯಲಿ ಎಂಬ ಆಸೆಗೆ ಚಿಟಿಕೆ ಯೂರಿಯಾ ಕರಗಿಸಿ ಹಾಕಿದೆ. ಅದು ಬೇಗನೇ ಹೋಯಿತು. ಕಾಲೇಜಿನಲ್ಲಿ ಕೇಳಿದವರಿಗೆ, ನಮ್ಮ ಕಡೆಯ ಹವಾಮಾನ ಸರಿಯಿಲ್ಲ ಎಂದು ಹೇಳಿದೆ. (ಹವಾಮಾನ ತಿರುಗಿ ಮಾತಾಡುವುದಿಲ್ಲ, ಅದೊಂದು ಅನುಕೂಲ.)

ಬೆರಳುದ್ದದ ಒಂದು ಚೂರು ಉಳಿದಿತ್ತು. ನಾನು ಅದನ್ನು ಹಿಡಿದು ಮನೆಯೆಲ್ಲ ಜಾಗ ಹುಡುಕುವುದನ್ನು ಅತ್ತೆ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಬಡಗಣ ಗೋಡೆಯ ಮೂಲೆ ತೋರಿಸಿ, ಅಲ್ಲಿ ಬೇಸಿಗೆಯಲ್ಲೂ ನೆಲ ಒಣಗುವುದಿಲ್ಲ, ಅಲ್ಲಿಡು ಎಂದರು.

ಅದು ಅವರು ಲಿಂಗಪೂಜೆಯ ನೀರು ಹಾಕುವ ಮೂಲೆ. ಆ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲುವಂತಿಲ್ಲ. ಹಾಗಾಗಿ ಮೊಣಕಾಲೆತ್ತರದ ಇಟ್ಟಂಗಿಯ ಕಟ್ಟೆ ಕಟ್ಟಿಸಿ, ಅದರೊಳಗೆ ದಿನವೂ ವಿಭೂತಿ ಬೆರೆತ ಆ ನೀರನ್ನು ತಂಬಿಗೆಯಿಂದ ಸುರಿಯುತ್ತಾರೆ. ನಾನು ಹಿಟ್ಟು ನಾದುವ ಒಂದು ಹಳೆಯ ಅಗಲ ಪರಾತದಲ್ಲಿ ಇಟ್ಟಂಗಿ ಚೂರು, ಮರಳು, ಇದ್ದಿಲು ಪುಡಿ ತುಂಬಿ, ಉಳಿದ ಚೂರನ್ನು ಅದರ ಮೇಲೊತ್ತಿ, ಕಟ್ಟೆಯ ಮಗ್ಗುಲಿಗೆ ಇಟ್ಟೆ.

ಹಿಡಿಯಿತು. ಸಂಕ್ರಾಂತಿಯ ಹೊತ್ತಿಗೆ ಪರಾತದ ಅರ್ಧ ಹಸಿರಾಯಿತು. ಶಿವರಾತ್ರಿಯ ಹೊತ್ತಿಗೆ ಪಟ್ಟಿಗಳ ಮೇಲೆ ಸಣ್ಣ ಸಣ್ಣ ಬಟ್ಟಲುಗಳು ಮೂಡಿದವು. ಒಂದೊಂದು ಬಟ್ಟಲಿನೊಳಗೂ ಸಾಸಿವೆಗಿಂತ ಸಣ್ಣ ಹಸಿರು ಬಿಲ್ಲೆಗಳು. ಅವೇ ಅದರ ಮರಿಗಳು. ಮಳೆಹನಿ ಬಟ್ಟಲಿಗೆ ಬಿದ್ದರೆ ಸಿಡಿದು ಹೊರಗೆ ಹಾರುತ್ತವೆ, ಬಿದ್ದಲ್ಲಿ ಬೆಳೆಯುತ್ತವೆ. ನಾನು ಅತ್ತೆಗೆ ಭೂತಗನ್ನಡಿ ಕೊಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಅಂದಿನಿಂದ ಅದನ್ನು ಪಾಚಿ ಎನ್ನುವುದು ಬಿಟ್ಟು ‘ನಿನ ಗಿಡ’ ಎನ್ನತೊಡಗಿದರು.

ಏಪ್ರಿಲ್‌ನಲ್ಲಿ ನಾನು ವ್ಯಾಲ್ಯುಯೇಷನ್‌ಗೆಂದು ಎಂಟು ದಿನ ಗುಲಬರ್ಗಾಕ್ಕೆ ಹೋದೆ. ನೀರು ಚಿಮುಕಿಸುವ ಕೆಲಸ ಅತ್ತೆಗೆ ವಹಿಸಿದೆ. ಮರಳಿ ಬಂದ ಮಧ್ಯಾಹ್ನ ಮೂಲೆಯಲ್ಲಿ ಪರಾತ ಕಾಣಲಿಲ್ಲ.

ಮಾಳಿಗೆ ಹತ್ತಿದೆ. ಅಲ್ಲಿ ಸಾಲಾಗಿ ತೊಗರಿಬೇಳೆ, ಕೆಂಪು ಮೆಣಸಿನಕಾಯಿ, ಎರಡು ಕೌದಿ, ಒಂದು ಸೀರೆಯ ಮೇಲೆ ಶಾವಿಗೆ. ಸಾಲಿನ ಕೊನೆಗೆ ನನ್ನ ಪರಾತ.

ಬೇಸಿಗೆಯಲ್ಲಿ ಬಿಸಿಲಿಗೆ ಹಾಕುವುದೆಂದರೆ ನಮ್ಮ ಕಡೆ ಏನು ಅರ್ಥ? ಆರೈಕೆ. ವರ್ಷಪೂರ್ತಿ ಬೇಕಾದದ್ದನ್ನು, ಹುಳ ಬೀಳಬಾರದೆನ್ನುವುದನ್ನು, ಕೆಡಬಾರದೆನ್ನುವುದನ್ನು ನಾವು ಬಿಸಿಲಿಗೆ ಹಾಕುತ್ತೇವೆ. ಪರಾತದ ಅಂಚಿನಲ್ಲಿ ಅತ್ತೆಗೆ ಬಿಳಿ ಬೂಷ್ಟು ಕಂಡಿದೆ. ಮೊದಲಿನ ಟ್ರೇ ಬೂಷ್ಟಿನಿಂದಲೇ ಹೋದದ್ದು ಅವರಿಗೆ ನೆನಪಿದೆ. ಒಂದು ದಿನ ಬಿಸಿಲು ಕಾಸಿದರೆ ಬೂಷ್ಟು ಸಾಯುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಬೂಷ್ಟು ಸತ್ತಿತ್ತು. ಜೊತೆಗೆ ಉಳಿದದ್ದೂ ಸತ್ತಿತ್ತು. ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು.

ನನಗೆ ಬಸ್ಸಿನ ದಣಿವಿತ್ತು, ಬಿಸಿಲಿತ್ತು, ಕ್ಲಾಸಿಗೆ ಕೊಟ್ಟ ಮಾತಿತ್ತು. ಇವೆಲ್ಲ ನೆಪ. ಕೆಳಗಿಳಿದು ಬಂದವಳೇ ಅಂದೆ: ‘ನಿಮಗ ತಿಳೀಲಾರದ್ದು ಮುಟ್ಟಬ್ಯಾಡ್ರಿ.’

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು. ಆ ಭಾರದ ಪರಾತವನ್ನು ಇಪ್ಪತ್ತು ಮೆಟ್ಟಿಲು ಹೊತ್ತು ಹತ್ತಿದ್ದು ಅದೇ ಸೊಟ್ಟ ಕೈ ಎಂಬುದು ನನಗೆ ಹೊಳೆದದ್ದು ಮಲಗುವ ಮೊದಲು. ಹೊಳೆದ ಕೂಡಲೇ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮನೆಯವರ ಹತ್ತಿರ ಸಾರಿ ಹೇಳುವುದು ಯಾಕಿಷ್ಟು ಕಷ್ಟ? ಬಸ್ಸಿನಲ್ಲಿ ಗುರುತಿಲ್ಲದವರ ಕಾಲು ತುಳಿದರೆ ಥಟ್ಟನೆ ಹೇಳುತ್ತೇವಲ್ಲ.

ಮರುದಿನದಿಂದ ಅತ್ತೆ ನನ್ನ ಯಾವ ವಸ್ತುವನ್ನೂ ಕೇಳದೆ ಮುಟ್ಟಲಿಲ್ಲ. ಟಿಫಿನ್ ಡಬ್ಬಿ ತೊಳೆಯುವ ಮೊದಲು ‘ಇದು ಮುಟ್ಟಲೇನವ್ವ?’ ಒಣಗಿದ ಸೀರೆ ಮಡಚುವ ಮೊದಲು ‘ಮುಟ್ಟಲೇನು?’ ಕುಟುಕಲೆಂದು ಕೇಳುತ್ತಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಅವರು ನಿಜವಾಗಿ ಕೇಳುತ್ತಿದ್ದರು. ಏಪ್ರಿಲ್, ಮೇ, ಜೂನ್. ನನ್ನ ಮಾತನ್ನು ಅವರು ಅಷ್ಟೊಂದು ನಂಬಿಬಿಟ್ಟಿದ್ದರು. ಪ್ರತಿ ಸಲವೂ ನಾನು ‘ಹೂಂರಿ’ ಎಂದಷ್ಟೇ ಹೇಳಿ ಬಸ್ಸಿಗೆ ಓಡುತ್ತಿದ್ದೆ.

ಜೂನ್ ಮೊದಲಿಗೇ ಮಿರಗದ, ಅಂದರೆ ಮೃಗಶಿರದ, ಮಳೆ ಬಂದಿತ್ತು. ಅಂಗಳದಲ್ಲಿ ಪಾಚಿ ಎದ್ದಿತು. ಸೋಮವಾರದ ತಿಕ್ಕಾಟ ಜೋರಾಯಿತು. ಆದರೆ ಪೂಜೆ ನೀರಿನ ಕಟ್ಟೆಯ ಹೊರಮಗ್ಗುಲಲ್ಲಿ ಗೇಣಗಲ ಜಾಗ ಪ್ರತಿ ವಾರ ಹಾಗೇ ಉಳಿಯುತ್ತಿದ್ದುದನ್ನು ಗಮನಿಸಿದೆ. ಬಗ್ಗಲು ಆಗುತ್ತಿಲ್ಲವೇನೋ, ವಯಸ್ಸಾಯಿತು ಎಂದುಕೊಂಡೆ. ಎಷ್ಟು ಬೇಗ ನಾವು ಇನ್ನೊಬ್ಬರಿಗೆ ವಯಸ್ಸು ಮಾಡಿಬಿಡುತ್ತೇವೆ ನೋಡಿ.

ಎರಡು ವಾರದ ಹಿಂದೆ, ಸೋಮವಾರವೇ, ನಾನು ಕಾಲೇಜಿಗೆ ಹೊರಟು ನಿಂತಾಗ ಅತ್ತೆ ಕರೆದರು. ಕೈಯಲ್ಲಿ ನಾರು, ಮರಳು. ಆ ಗೇಣಗಲ ಜಾಗದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು.

‘ಇದು ಮುಟ್ಟಲಾ, ಬ್ಯಾಡಾ?’ ಎಂದರು.

ನಾನು ಬ್ಯಾಗ್ ಕೆಳಗಿಟ್ಟು ಬಗ್ಗಿದೆ. ಒದ್ದೆ ಇಟ್ಟಂಗಿಯ ಮೇಲೆ, ಪಾಚಿಯ ನಡುವೆ, ಉಗುರಗಲದ ಹಸಿರು ಪಟ್ಟಿಗಳು. ಕವಲೊಡೆದವು. ಎಣಿಸಿದೆ, ಒಂಬತ್ತು. ಒಂದರ ಮೇಲೆ ಆಗಲೇ ಬಟ್ಟಲು.

ಮಹಾಬಳೇಶ್ವರದ ಮಳೆ ಮಾಡುವ ಕೆಲಸವನ್ನು ಅತ್ತೆಯ ತಂಬಿಗೆ ಮಾಡಿತ್ತು. ಚಳಿಗಾಲ ಮುಗಿಯುವಾಗ ದಿನವೂ ಸುರಿದ ಪೂಜೆಯ ನೀರು ಕಟ್ಟೆಯಿಂದ ಸಿಡಿದು ಪರಾತದ ಬಟ್ಟಲುಗಳಿಗೆ ಬಿದ್ದಿದೆ. ಬಿಲ್ಲೆಗಳು ಹಾರಿ ಇಟ್ಟಂಗಿಗೆ ಅಂಟಿವೆ. ಬೂದಿ ಬೆರೆತ ನೆಲವೆಂದರೆ ಈ ಸಸ್ಯಕ್ಕೆ ಇಷ್ಟ, ಅದನ್ನು ನಾನೇ ವರ್ಷ ವರ್ಷ ಪಾಠ ಮಾಡಿದ್ದೇನೆ. ಅಂಥ ಬೇಸಿಗೆಯನ್ನೂ ಆ ಒಂದು ಮೂಲೆಯ ತೇವದಲ್ಲಿ ದಾಟಿವೆ.

ಯಾವಾಗ ನೋಡಿದಿರಿ ಎಂದು ಕೇಳಿದೆ.

‘ಮಿರಗ ಬಂದಾಗಿಂದ ನೋಡಾಕತ್ತೀನಿ. ನಿನ ಗಿಡನೋ, ಪಾಚಿನೋ, ನನಗ ತಿಳೀಲಿಲ್ಲ. ನಿನಗ ಕೇಳಾಕ ಧೈರ್ಯ ಆಗಲಿಲ್ಲವ್ವ.’

ಪಾಚಿಯಲ್ಲಿ ಜಾರಿ ಕೈ ಮುರಿದುಕೊಂಡವರು, ಪಾಚಿಯೇ ಇರಬಹುದು ಎಂಬ ಅನುಮಾನವಿದ್ದೂ ಅದನ್ನು ವಾರಗಟ್ಟಲೆ ಉಳಿಸಿಕೊಂಡಿದ್ದಾರೆ. ಒಂದು ಪಕ್ಷ ನನ್ನದಾಗಿದ್ದರೆ ಎಂದು. ನನಗೆ ಅಳು ಬಂತು. ಅಂದಿನ ಬಸ್ಸು ಹೋಗಿಬಿಟ್ಟಿತು.

ಕಳೆದ ಶನಿವಾರ ಎರಡನೆಯ ವರ್ಷದ ಹನ್ನೊಂದು ಮಕ್ಕಳು ಹುಮನಾಬಾದಿನಿಂದ ನಮ್ಮ ಮನೆಗೆ ಬಂದರು. ಕೊಹಿನೂರಿನ ಹುಡುಗಿ ಎಲ್ಲರಿಗಿಂತ ಮುಂದೆ. ಅತ್ತೆ ಎಲ್ಲರ ಚಪ್ಪಲಿ ಹೊರಗೆ ಬಿಡಿಸಿದರು, ಒಬ್ಬೊಬ್ಬರನ್ನೇ ಮೂಲೆಗೆ ಬಿಟ್ಟರು. ಆ ಹುಡುಗಿ ಬಗ್ಗಿ ನೋಡಿ, ಪೆನ್ಸಿಲ್ ಬಾಕ್ಸ್ ತೆಗೆದು, ತನ್ನ ಹಸಿರನ್ನು ಅದರ ಪಕ್ಕ ಹಿಡಿದು ಹೋಲಿಸಿದಳು. ತಾನು ಹಚ್ಚಿದ ಹಸಿರು ಬಹಳ ತಿಳಿಯಾಯಿತು ಎಂದಳು.

ಹೇಗೆ ಬೆಳೆಸಬೇಕೆಂದು ಮಕ್ಕಳು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳತೊಡಗಿದರು. ನೆರಳಿಗಿಡಬೇಕು, ಗಾಜು ಮುಚ್ಚಬಾರದು, ತಂಬಿಗೆಯನ್ನು ಮೊಳ ಎತ್ತರ ಹಿಡಿದು ನೀರು ಹನಿಸಬೇಕು, ಆಗ ಮರಿ ಸಿಡಿಯುತ್ತವೆ. ಆಮೇಲೆ ಅಂದರು: ‘ಬಿಸಿಲಿಗೆ ಮಾತ್ರ ಇಡಬ್ಯಾಡ್ರಿ. ಮೊದಲಿಂದು ನಾನೇ ಇಟ್ಟು ಕೊಂದೀನಿ.’

ಹನ್ನೊಂದು ಮಕ್ಕಳು ಅದನ್ನು ನೋಟ್ಸ್ ಬರೆದುಕೊಂಡರು. ಗಾಜು ಮುಚ್ಚಿದ್ದು ಯಾರು, ಯೂರಿಯಾ ಹಾಕಿದ್ದು ಯಾರು ಎಂದು ಅತ್ತೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಚಹಾ ಸೋಸುವ ನೆವ ಮಾಡಿ ಒಳಗೆ ಹೋದೆ.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಎರಡು ಟ್ರೇ ಕೊಂದವಳು ನಾನು. ಮೂರನೆಯದಕ್ಕೆ ನಿಮ್ಮನ್ನು ಅಂದದ್ದು ತಪ್ಪು. ತಪ್ಪಾಯಿತು, ಅತ್ತೆ.

ಬರೆಯುವುದು ಸುಲಭ. ಆದರೆ ನಮ್ಮ ಅತ್ತೆ ಕಲಿತದ್ದು ಚಿಕ್ಕಂದಿನಲ್ಲಿ ಮನೆಗೆ ಬರುತ್ತಿದ್ದ ಮಾಸ್ತರರಿಂದ ನಾಲ್ಕಕ್ಷರ ಮರಾಠಿ. ಕನ್ನಡ ಓದಲು ಬಾರದು. ಪ್ರತಿ ಭಾನುವಾರ ಪೇಪರ್ ಬಂದ ಮೇಲೆ ಈ ಅಂಕಣವನ್ನು ಅವರ ಮುಂದೆ ಕೂತು ಗಟ್ಟಿಯಾಗಿ ಓದುವವಳು ನಾನೇ. ಈ ವಾರ ಆ ಸಾಲು ಬಂದಾಗ, ನೀವಾಗಿದ್ದರೆ ಓದುತ್ತಿದ್ದಿರೋ, ಹಾರಿಸುತ್ತಿದ್ದಿರೋ?