ಸೀತಕ್ಕನ ಬಿದಿರು ಚಾಪೆ

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ನಾನು ಹುದಿಕೇರಿಯಲ್ಲಿ ಕಾಳುಮೆಣಸಿನ ಇನ್ಸ್‌ಪೆಕ್ಟರ್ ಆಗಿದ್ದೆ. ವಿದೇಶಕ್ಕೆ ಹೋಗುವ ಮೆಣಸನ್ನು ಪರೀಕ್ಷಿಸಿ, ಶುದ್ಧವಾಗಿದ್ದರೆ ಮೂಟೆಗೆ ಬೆಳೆದವರ ಹೆಸರಿನ ಲೇಬಲ್ ಕಟ್ಟಿಸಿ ಸೀಲ್ ಹಾಕುವುದು ನನ್ನ ಕೆಲಸ. ಹಾಸನದ ಕಡೆಯವನು, ಒಂಟಿ ಆಸಾಮಿ. ನಾನು ಹೋಟೆಲಿಗೆ ಕಾಲಿಟ್ಟರೆ ಸಾಕು, ಹರಟೆ ನಿಂತುಬಿಡುತ್ತಿತ್ತು. ಕಾಫಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮಾತಿಲ್ಲದೆ ನಾಲಿಗೆ ಒಣಗಿ, ರೂಮಿನಲ್ಲಿ ನನ್ನ ಜೊತೆ ನಾನೇ ಜಗಳವಾಡುತ್ತಿದ್ದೆ.

ಕರೆಯುವ ಮನೆ ಇದ್ದದ್ದು ಒಂದೇ, ಸೀತಕ್ಕನದು. ಅವಳಿಗೂ ಗಂಡ ಸೋಮಯ್ಯನಿಗೂ ಸ್ವಲ್ಪ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಭಾನುವಾರ ಅಡಿಗೆಮನೆಯಲ್ಲೇ ಮಣೆ ಹಾಕಿ, "ಬಾ ತಮ್ಮ, ಇಷ್ಟೇ ತಿಂದ್ರೆ ಮೂಟೆ ಎತ್ತಿ ನೋಡೋದು ಯಾರು?" ಎಂದು ಛೇಡಿಸುತ್ತ ಕಡುಬು ಬಡಿಸುತ್ತಿದ್ದಳು. ವಾರವೆಲ್ಲ ನಾನು ಬದುಕುತ್ತಿದ್ದದ್ದು ಆ 'ತಮ್ಮ' ಎನ್ನುವ ಮಾತಿಗಾಗಿ.

ಆ ವರ್ಷ ಅವರು ಮೊದಲ ಸಲ ರಫ್ತಿಗೆ ಮೆಣಸು ಕೊಡಲು ಹೊರಟರು. "ನಮ್ಮ ಮನೆ ಹೆಸರು ಸಮುದ್ರ ದಾಟ್ತದಲ್ಲಾ!" ಎಂದು ಸೀತಕ್ಕ ನೆಂಟರಿಗೆಲ್ಲ ಸಾರಿದ್ದಳು. ನೆಲದ ಮೇಲೆ ಒಣಗಿಸಬಾರದು, ಚಾಪೆ ಬಳಸಬೇಕು ಎಂಬುದು ನಿಯಮ. ಪಾಪ, ಅವಳು ಹೊಸ ಬಿದಿರು ಚಾಪೆಗಳನ್ನೇ ಹೆಣೆಸಿದ್ದಳು.

ಪರೀಕ್ಷೆಗೆ ಹೋದವನು ಒಂದು ಹಿಡಿ ಮೆಣಸು ಎತ್ತಿ ಅಂಗೈಯಲ್ಲಿ ಉಜ್ಜಿದೆ. ಹಸಿರು ಪುಡಿ ಉದುರಿತು. ಕಾಳು ಸಂದಿಯಲ್ಲಿ ಸೋರಬಾರದು, ಮಡಿಯಾಗಿಯೂ ಇರಬೇಕು ಎಂದು, ಮೊರಕ್ಕೆ ಬಳಿದಂತೆ ಚಾಪೆಗಳಿಗೆಲ್ಲ ಸಗಣಿ ಬಳಿದಿದ್ದಳು. ಹಸಿ ಮೆಣಸಿಗೆ ಅದೆಲ್ಲ ಅಂಟಿಕೊಂಡಿತ್ತು. ಅಯ್ಯೋ ದೇವರೇ, ನಿಯಮ ಬರೆದವನಿಗೆ ಇದು ಹೊಳೆದಿತ್ತೇ!

"ಅಕ್ಕ, ಇದಕ್ಕೆ ಸೀಲ್ ಹಾಕಲಾಗುವುದಿಲ್ಲ" ಎಂದೆ.

"ದೇವರ ಕೋಣೆಗೂ ಸಗಣಿನೇ ಸಾರಿಸ್ತೇವೆ. ಅದು ಹೊಲಸಾ ತಮ್ಮ?"

"ನಮಗಲ್ಲ ಅಕ್ಕ. ಆದರೆ ತಿಂದವರ ಹೊಟ್ಟೆ ಕೆಟ್ಟರೆ ನನ್ನ ಸೀಲೇ ಸುಳ್ಳಾಗುತ್ತದೆ."

ಸೋಮಯ್ಯ ಬಾಗಿಲಲ್ಲೇ ನಿಂತು, "ಉಂಡ ಮನೆಗೆ ಎರಡು ಬಗೆಯೋದಾ?" ಎಂದ. ಆ ಮೆಣಸು ಹೆಸರಿಲ್ಲದೆ ಪೇಟೆಯ ವ್ಯಾಪಾರಿಯ ರಾಶಿ ಸೇರಿತು. ಭಾನುವಾರ ಯಾರೂ ಕರೆಯಲಿಲ್ಲ. ನಾನು ರೂಮಿನ ಬಾಗಿಲು ಹಾಕಿಕೊಂಡು ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಮರುವರ್ಷ ಅವಳ ಚಾಪೆಗಳ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಮೆಣಸು ಮುತ್ತಿನಂತಿತ್ತು. ಸೀಲ್ ಒತ್ತಿ, ಮನೆಯ ಹೆಸರಿನ ಲೇಬಲ್ ಕಟ್ಟಿಸಿದೆ. ಸೀತಕ್ಕ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಇನ್ನು ಒಳಗೆ ಕರೆಯುತ್ತಾಳೆ ಎಂದುಕೊಂಡೆ. ಅವಳು ಜಗಲಿಗೆ ಕುರ್ಚಿ ತಂದು ಹಾಕಿ, ಕಾಫಿ ಲೋಟ ಮುಂದಿಟ್ಟು, "ತಗೊಳ್ಳಿ ಸಾರ್" ಎಂದಳು.

ಮುಂದೆ ಎಲ್ಲಿಗೆ ವರ್ಗವಾದರೂ ನಾನು ಬುತ್ತಿ ಕಟ್ಟಿಕೊಂಡೇ ಹೋದೆ. ಸೀಲ್ ಹಿಡಿದವನು ತನ್ನ ಅನ್ನ ತಾನೇ ಹೊತ್ತುಕೊಂಡು ಹೋಗಬೇಕು ಎಂದು ಕಿರಿಯರಿಗೂ ಹೇಳಿಕೊಟ್ಟೆ. ಆ ಬುತ್ತಿ ಯಾವತ್ತೂ ರುಚಿಸಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.