ಅಣಬೆಯೋ ನಾಯಿಕೊಡೆಯೋ

ನಮ್ಮ ಅತ್ತೆ ಹೊಲಿಗೆಯವರು. ಅವರ ತಮ್ಮನ ಮಗಳಾದ ನಾನು ಅವರ ಜೊತೆಗೇ ಕೆಲಸ ಮಾಡುತ್ತೇನೆ. ‘ಕಣ್ಣಳತೆ’ ಎಂದರೆ ಸಾಕು, ಅತ್ತೆಗೆ ಮೈಯೆಲ್ಲ ಉರಿಯುತ್ತದೆ. ಹೋದ ತಿಂಗಳಷ್ಟೇ ಅಳೆದ ಗಿರಾಕಿ ಮತ್ತೆ ಬಂದರೂ ಟೇಪು ಹಿಡಿದು ನಿಲ್ಲುತ್ತಾರೆ. ಮಾವ ನಿವೃತ್ತ ಬಸ್ ಚಾಲಕರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಮಳೆ ನಿಂತ ಮೂರನೆಯ ದಿನ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಅಂಗೈಯಗಲದ ಬಿಳಿ ಅಣಬೆಗಳು ಎದ್ದಿದ್ದವು. ಮಧ್ಯಾಹ್ನ ಮಾವ ಒಂದು ಬುಟ್ಟಿ ಕಿತ್ತು ತಂದರು.

“ಚಿಕ್ಕವನಿದ್ದಾಗ ಇಂಥದ್ದು ಎಷ್ಟು ತಿಂದಿಲ್ಲ ನಾನು! ನೋಡಿಲ್ಲಿ, ಹುಳ ತಿಂದಿದೆ. ಹುಳಾನೇ ಸತ್ತಿಲ್ಲ, ನಾವು ಸಾಯ್ತೀವಾ?”

“ಹುಳದ ಹೊಟ್ಟೆ ಹುಳಕ್ಕೆ, ನಮ್ಮ ಹೊಟ್ಟೆ ನಮಗೆ. ಅಣಬೆನೋ ನಾಯಿಕೊಡೆನೋ, ಅದನ್ನೇ ಕೇಳೋಣ,” ಎಂದರು ಅತ್ತೆ. ಕಪ್ಪು ಅಸ್ತರಿನ ತುಂಡಿನ ಪಕ್ಕಕ್ಕೆ ಬಿಳಿಯ ತುಂಡು ಹಾಸಿ, ಒಂದು ಅಣಬೆಯ ಕಾಲು ಕತ್ತರಿಸಿ, ಅದರ ಕೊಡೆ ಎರಡರ ಮೇಲೂ ಅರ್ಧರ್ಧ ಕೂರುವಂತೆ ಇಟ್ಟು ಬೋಗುಣಿ ಮುಚ್ಚಿದರು. “ಬೆಳಿಗ್ಗೆ ಹೊತ್ತಿಗೆ ಪುಡಿ ಉದುರಿರತ್ತೆ. ಹಸಿರು ಬಂದ್ರೆ ವಿಷ. ಬೇರೆ ಬಣ್ಣ ಬಂದ್ರೂ ತಿನ್ನಬಹುದು ಅಂತಲ್ಲ, ಆಮೇಲೆ ಅಣಬೆ ಪುಸ್ತಕ ನೋಡಬೇಕು. ಅಲ್ಲೀವರೆಗೂ ಇದಕ್ಕೆ ಒಲೆ ಹತ್ತಲ್ಲ.”

ಮಾವ ಮುಖ ಊದಿಸಿಕೊಂಡು ಬುಟ್ಟಿಯೊಂದಿಗೆ ಹೊರಗೆ ಹೋದರು. ನನಗೆ ಒಳಗೊಳಗೇ ನಗು.

ಬೆಳಿಗ್ಗೆ ಬೋಗುಣಿ ಎತ್ತಿದರೆ ಬಿಳಿ ಬಟ್ಟೆಯ ಮೇಲೆ ಗೆರೆಗೆರೆಯಾಗಿ ತಿಳಿಹಸಿರು ಪುಡಿ. “ನೋಡಿದ್ರಾ?” ಎಂದು ಅತ್ತೆ ಮಾವನ ಮುಖ ನೋಡಿದರು. ಅದು ಬಿಳುಚಿಕೊಂಡಿತ್ತು.

“ನಿನ್ನೆ ಸಂಜೆ ಪಕ್ಕದ ಮನೆಗೆ ಕೊಟ್ಬಿಟ್ಟೆ ಕಣೇ. ನೀನು ನಂಬಲಿಲ್ಲ ಅಂತ ಸಿಟ್ಟಿಗೆ.”

ಪಕ್ಕದ ಮನೆಯಲ್ಲಿ ಎರಡು ಪುಟ್ಟ ಮಕ್ಕಳಿವೆ. ಅತ್ತೆ ಬರಿಗಾಲಲ್ಲೇ ಓಡಿದರು, ಹಿಂದೆ ನಾವು. ಆ ಮಕ್ಕಳ ತಾಯಿ, ನರ್ಸ್ ಅಕ್ಕ, ಬಾಗಿಲು ತೆರೆದಳು.

“ಅಣಬೆ ತಿಂದ್ರಾ?” ಅತ್ತೆಗೆ ಉಸಿರೇ ಸಾಲದು.

“ಇಲ್ವಲ್ಲ, ಬುಟ್ಟೀಲಿ ಹಾಗೇ ಇದೆ. ನಿಮ್ಮ ಅಡುಗೆಮನೆಯಿಂದ ಹುರಿಯೋ ವಾಸನೆ ಬರ್ಲಿ ಅಂತ ಕಾದೆ. ಬರ್ಲೇ ಇಲ್ಲ. ನೀವು ಒಲೆ ಮೇಲೆ ಇಡದೇ ಇರೋದನ್ನ ನಾನ್ಯಾಕೆ ಇಡ್ಲಿ?”

ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾವ ಬುಟ್ಟಿ ಇಸಿದುಕೊಂಡು, ತಲೆಯೆತ್ತದೆ ನರ್ಸ್ ಅಕ್ಕನಿಗೆ ಹೇಳಿದರು:

“ನನಗೆ ಗೊತ್ತಿರಲಿಲ್ಲ ತಾಯಿ. ಗೊತ್ತು ಅಂದ್ಬಿಟ್ಟೆ.”